ಮೆನುವಿನಲ್ಲಿ ಮಸುಕು, ಟೂಲ್‌ಬಾರಿನಲ್ಲಿ ಚುರುಕು

ಪ್ರಶ್ನೆ: ನಮ್ಮ ಸಹಕಾರ ಸಂಘಕ್ಕಾಗಿ ಪೈಥಾನ್ ಮತ್ತು ಪೈಕ್ಯೂಟಿ (ಕಿಟಕಿ, ಮೆನು, ಗುಂಡಿಗಳನ್ನು ಕಟ್ಟಿಕೊಡುವ ‘ಕ್ಯೂಟಿ’ಯನ್ನು ಪೈಥಾನಿನಿಂದ ಬಳಸುವ ಸಾಧನ) ಬಳಸಿ ತಂತ್ರಾಂಶ ಬರೆಯುತ್ತಿದ್ದೇನೆ. ‘ರಸೀದಿ ಮುದ್ರಿಸಿ’ ಎಂಬುದು ಮೆನುವಿನಲ್ಲೂ ಇದೆ, ಟೂಲ್‌ಬಾರಿನಲ್ಲೂ ಇದೆ; ಎರಡಕ್ಕೂ ಕಂಟ್ರೋಲ್-ಪಿ ಕೊಟ್ಟಿದ್ದೇನೆ. ರಸೀದಿ ಆರಿಸದಿದ್ದಾಗ ಮೆನುವಿನದು ಮಸುಕಾಗುತ್ತದೆ. ಆದರೆ ಆಗಲೇ ಕಂಟ್ರೋಲ್-ಪಿ ಒತ್ತಿದರೆ ತಂತ್ರಾಂಶ ಮುಚ್ಚಿಹೋಗುತ್ತದೆ. ಆರಿಸಿಕೊಂಡು ಒತ್ತಿದರೆ ಏನೂ ಆಗುವುದಿಲ್ಲ! ಕೀಲಿಮಣೆ ಕೆಟ್ಟಿದೆಯೇ?
– ಓದುಗರು, ಶಿರಸಿ

ಉತ್ತರ: ಕೀಲಿಮಣೆಯನ್ನು ಬೈಯಬೇಡಿ, ಅದು ನೀವು ಹೇಳಿದ್ದನ್ನೇ ಮಾಡುತ್ತಿದೆ. ಮೆನುವಿಗೊಂದು, ಟೂಲ್‌ಬಾರಿಗೊಂದು ಎಂದು ಎರಡು ಕ್ಯೂಆಕ್ಷನ್‌ಗಳನ್ನು ಸೃಷ್ಟಿಸಿದ್ದೀರಿ (ಬಳಕೆದಾರರು ಮಾಡಬಹುದಾದ ಒಂದು ಕೆಲಸಕ್ಕೆ ಕ್ಯೂಟಿಯಲ್ಲಿರುವ ರೂಪವೇ ಕ್ಯೂಆಕ್ಷನ್). ರಸೀದಿ ಆರಿಸಿದಾಗ ಎರಡೂ ಎಚ್ಚರವಾಗಿರುತ್ತವೆ. ಕಂಟ್ರೋಲ್-ಪಿ ಯಾರದೆಂದು ತಿಳಿಯದೆ ಕ್ಯೂಟಿ ಎರಡನ್ನೂ ಬಿಟ್ಟು, ಟರ್ಮಿನಲ್‌ನಲ್ಲಿ ಒಂದು ಸಾಲಿನ ಎಚ್ಚರಿಕೆ ಮುದ್ರಿಸಿ ಸುಮ್ಮನಾಗುತ್ತದೆ. (ಟರ್ಮಿನಲ್ ಕಿಟಕಿಯನ್ನು ಮುಚ್ಚಿಟ್ಟು ಕೋಡ್ ಬರೆಯುವವರ ಪ್ರಶ್ನೆಗಳೇ ನನಗೆ ಹೆಚ್ಚು ಬರುತ್ತವೆ.) ಆರಿಸದಿದ್ದಾಗ ಮೆನುವಿನದು ನಿಷ್ಕ್ರಿಯವಾಗುವುದರಿಂದ ಗೊಂದಲವೇ ಉಳಿಯುವುದಿಲ್ಲ, ಟೂಲ್‌ಬಾರಿನದು ಉತ್ಸಾಹದಿಂದ ಓಡುತ್ತದೆ. ಮುದ್ರಿಸಲು ರಸೀದಿಯೇ ಇಲ್ಲದೆ ಎಕ್ಸೆಪ್ಶನ್, ಅಂದರೆ ಕೋಡ್ ಓಡುವಾಗಿನ ದೋಷ, ಬರುತ್ತದೆ. ಅದನ್ನು ನೀವು ಕೋಡಿನಲ್ಲಿ ಹಿಡಿದು ನಿಭಾಯಿಸಿಲ್ಲ, ಪೈಕ್ಯೂಟಿ 5.5ರಿಂದ ಈಚೆಗೆ ಅಂಥ ಎಕ್ಸೆಪ್ಶನ್ ಇಡೀ ತಂತ್ರಾಂಶವನ್ನೇ ನಿಲ್ಲಿಸುತ್ತದೆ. ಹೀಗೆ ನಿಮ್ಮ ಶಾರ್ಟ್‌ಕಟ್ ಬೇಡವಾದಾಗ ಮಾತ್ರ ಕೆಲಸ ಮಾಡುತ್ತಿದೆ.

ಮುದ್ರಣಕ್ಕೆ ಒಂದೇ ಕ್ಯೂಆಕ್ಷನ್ ಇರಲಿ. ಹೆಸರು, ಐಕಾನ್, ಶಾರ್ಟ್‌ಕಟ್ ಎಲ್ಲವೂ ಅದರೊಳಗೇ ಇರಲಿ. ಮೆನು ಮತ್ತು ಟೂಲ್‌ಬಾರ್ ಎರಡರಲ್ಲೂ ‘ಆಡ್‌ಆಕ್ಷನ್’ಗೆ ಅದನ್ನೇ ಕೊಡಿ. ಒಮ್ಮೆ ‘ಸೆಟ್‌ಎನೇಬಲ್ಡ್’ ಕರೆದರೆ ಎರಡೂ ಕಡೆ ಮಸುಕಾಗುತ್ತದೆ, ಶಾರ್ಟ್‌ಕಟ್ ಕೂಡ ಮಲಗುತ್ತದೆ. ಯಾವ ಕೆಲಸ ಯಾವಾಗ ಸಾಧ್ಯ ಎಂಬ ತೀರ್ಮಾನವನ್ನೂ ಒಂದೇ ಫಂಕ್ಷನ್ನಿಗೆ ಒಪ್ಪಿಸಿ, ಪಟ್ಟಿಯಲ್ಲಿ ಆಯ್ಕೆ ಬದಲಾದಾಗಲೆಲ್ಲ ಅದನ್ನು ಕರೆಯಿರಿ. ತಂತ್ರಾಂಶ ತೆರೆದ ಕೂಡಲೇ ಒಮ್ಮೆ ನೀವಾಗಿಯೇ ಕರೆಯಬೇಕು. ಆಗಿನ್ನೂ ಆಯ್ಕೆ ಬದಲಾಗಿರುವುದಿಲ್ಲ, ಬದಲಾಯಿತೆಂದು ತಿಳಿಸುವ ಸಿಗ್ನಲ್ ಬರುವುದಿಲ್ಲ.

ಒಂದು ಕೆಲಸಕ್ಕೆ ಒಂದೇ ಆಕ್ಷನ್ ಎಂಬುದು ಕ್ಯೂಟಿಯವರ ಸ್ವಂತ ಜಾಣತನವೇನಲ್ಲ. ಜಾವಾ ಭಾಷೆಯ ಇಂಥದೇ ಸಾಧನವಾದ ಸ್ವಿಂಗ್‌ನಲ್ಲಿ ‘ಆಕ್ಷನ್’ ಇದೆ. ತಂತ್ರಾಂಶ ಬರೆಯುವ ಇನ್ನೊಂದು ಸಾಧನವಾದ, 1998ರ ಡೆಲ್ಫಿ 4ರಲ್ಲಿ ಆಕ್ಷನ್‌ಲಿಸ್ಟ್ ಬಂದಿತ್ತು. ಮಾಡಿದ ಬದಲಾವಣೆಗಳನ್ನು ಸಾಲಾಗಿ ನಮೂದಿಸಿಟ್ಟುಕೊಳ್ಳುವ ಕ್ಯೂಟಿಯ ಕ್ಯೂಅಂಡೂಸ್ಟ್ಯಾಕ್ ಅಂತೂ ‘ರದ್ದುಮಾಡು’ ಆಕ್ಷನ್ನನ್ನು ಸಿದ್ಧಮಾಡಿಯೇ ಕೊಡುತ್ತದೆ. ಹಿಂದಿನ ನಮೂದು ಯಾವುದೂ ಇಲ್ಲದಿದ್ದರೆ ತಾನಾಗಿಯೇ ಮಸುಕಾಗುತ್ತದೆ.

ಪ್ರಶ್ನೆ: ಕನ್ನಡದ ಉದ್ದನೆಯ ಹೆಸರುಗಳಿಂದ ಟೂಲ್‌ಬಾರ್ ಪರದೆಯಾಚೆ ಹೋಗುತ್ತಿದೆ. ಟೂಲ್‌ಬಾರಿಗೆ ಬೇರೆ ಆಕ್ಷನ್ ಮಾಡಲೇ?
– ಓದುಗರು, ಹಾಸನ

ಉತ್ತರ: ಬೇಡವೇ ಬೇಡ, ಮೇಲಿನ ಉತ್ತರ ಓದಿ. ಅದೇ ಆಕ್ಷನ್ನಿಗೆ ‘ಸೆಟ್‌ಐಕಾನ್‌ಟೆಕ್ಸ್ಟ್’ ಮೂಲಕ ‘ಮುದ್ರಿಸಿ’ ಎಂಬ ಚುಟುಕು ಹೆಸರು ಕೊಡಿ; ಮೆನುವಿನಲ್ಲಿ ‘ಆಯ್ದ ರಸೀದಿಯನ್ನು ಮುದ್ರಿಸಿ’ ಹಾಗೆಯೇ ಉಳಿಯುತ್ತದೆ. ಮತ್ತೆ, ಮೆನುವಿನಲ್ಲಿರುವುದೆಲ್ಲ ಟೂಲ್‌ಬಾರಿಗೆ ಏಕೆ ಬರಬೇಕು? ಗುಮಾಸ್ತರು ದಿನವಿಡೀ ಒತ್ತುವ ನಾಲ್ಕೈದು ಸಾಕು. ‘ಅಳಿಸಿ’ಯನ್ನಂತೂ ‘ಮುದ್ರಿಸಿ’ಯ ಪಕ್ಕದಲ್ಲಿ ಕೂರಿಸಬೇಡಿ.