ಜೆಸಿಬಿಗೆ ಎಣ್ಣೆ, ಬಸ್ಸಿಗೆ ಗಾಳಿ ಯಾಕೆ?

ಪ್ರಶ್ನೆ: ಜೆಸಿಬಿ ತೋಳು ಎಣ್ಣೆಯ ಒತ್ತಡದಿಂದ ಏಳುತ್ತದೆ, ಬಸ್ಸಿನ ಬ್ರೇಕು ಗಾಳಿಯಿಂದ ಕೆಲಸ ಮಾಡುತ್ತದೆ ಅಂತಾರೆ. ಎರಡಕ್ಕೂ ಒಂದನ್ನೇ ಬಳಸಬಹುದಲ್ವಾ?
(ಓದುಗರೊಬ್ಬರು, ಹಾಸನ)

ಉತ್ತರ: ಸೂಜಿಯಿಲ್ಲದ ಒಂದು ಸಿರಿಂಜ್ ತಗೊಳ್ಳಿ. ನೀರು ತುಂಬಿ, ತುದಿಯನ್ನು ಬೆರಳಿನಿಂದ ಗಟ್ಟಿಯಾಗಿ ಮುಚ್ಚಿ ಒತ್ತಿ ನೋಡಿ, ಅಲುಗಾಡುವುದಿಲ್ಲ. ಬರೀ ಗಾಳಿ ಇದ್ದರೆ ಒಳಗೆ ಹೋಗುತ್ತದೆ, ಕೈ ಬಿಟ್ಟರೆ ವಾಪಸ್ ಬರುತ್ತದೆ. ಮುಕ್ಕಾಲು ಉತ್ತರ ಇಲ್ಲೇ ಇದೆ.

ಎಣ್ಣೆಯೂ ನೀರಿನ ಹಾಗೆ, ಕುಗ್ಗುವುದು ತೀರಾ ಕಡಿಮೆ. ಅದಕ್ಕೇ ಮಣ್ಣು ತುಂಬಿದ ಬಕೆಟ್ಟು ಅರ್ಧದಲ್ಲಿ ನಿಂತರೂ ಜಗ್ಗುವುದಿಲ್ಲ. ಬಲ ಬರುವುದು 17ನೇ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ಹೇಳಿದ ನಿಯಮದಿಂದ: ಮುಚ್ಚಿಟ್ಟ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. 1 ಚದರ ಸೆಂ.ಮೀ. ಪಿಸ್ಟನ್ ಮೇಲೆ 10 ಕಿಲೋ ಇಟ್ಟರೆ, ಇನ್ನೊಂದು ಕಡೆ 100 ಚದರ ಸೆಂ.ಮೀ. ಪಿಸ್ಟನ್ 1,000 ಕಿಲೋ ಹೊರುತ್ತದೆ. ಆದರೆ ಪುಕ್ಕಟೆ ಅಲ್ಲ, ಚಿಕ್ಕದು 100 ಸೆಂ.ಮೀ. ಇಳಿದರೆ ದೊಡ್ಡದು ಏರುವುದು 1 ಸೆಂ.ಮೀ. ಮಾತ್ರ.

ಬಸ್ಸಿನ ಗಾಳಿಯ ಒತ್ತಡ ಸುಮಾರು 8 ಬಾರ್ (ಬಾರ್ ಅಂದರೆ ಒತ್ತಡದ ಅಳತೆ), ಜೆಸಿಬಿ ಎಣ್ಣೆಯದು 200 ಬಾರ್‌ಗೂ ಜಾಸ್ತಿ. ಹಾಗಿದ್ದರೂ ಗಾಳಿ ಎಲ್ಲೆಲ್ಲೂ ಸಿಗುತ್ತದೆ, ಕೆಲಸ ಮುಗಿದ ಮೇಲೆ ಹೊರಗೆ ಬಿಟ್ಟರಾಯ್ತು. ಬಸ್ ನಿಂತಾಗ ಕೇಳುವ ಆ 'ಸುಸ್' ಸದ್ದು ಅದೇ. ನನಗೆ ತುಂಬಾ ಇಷ್ಟವಾದದ್ದು ಪಾರ್ಕಿಂಗ್ ಬ್ರೇಕು. ಅಲ್ಲಿ ಬ್ರೇಕ್ ಹಿಡಿಯುವುದು ಸ್ಪ್ರಿಂಗು, ಗಾಳಿ ಅದನ್ನು ಬಿಡಿಸುತ್ತದೆ ಅಷ್ಟೇ. ಗಾಳಿ ಪೂರ್ತಿ ಸೋರಿಹೋದರೆ ಬ್ರೇಕು ತಾನಾಗಿ ಹಿಡಿದುಕೊಳ್ಳುತ್ತದೆ.

ಅಂದಹಾಗೆ, ಕಾರಿನ ಬ್ರೇಕಿನಲ್ಲಿರುವುದು ದ್ರವ. ಪೆಡಲ್ ಸ್ಪಂಜಿನಂತೆ ಮೆತ್ತಗಾದರೆ ಒಳಗೆ ಗಾಳಿ ಸೇರಿರಬಹುದು. ಆ ಗಾಡಿ ಓಡಿಸಬೇಡಿ, ಮೊದಲು ಮೆಕ್ಯಾನಿಕ್‌ಗೆ ತೋರಿಸಿ.