ಎಲ್ಲ ಅಂಕಿಗೂ ಸರಾಸರಿ ತೆಗೆಯಬಹುದಾ?

ಪಾಂಡವಪುರ ಕಡೆಯ ಬಿ.ಎಡ್. ವಿದ್ಯಾರ್ಥಿನಿಯೊಬ್ಬರು ಪ್ರಾಜೆಕ್ಟಿಗಾಗಿ ತಮ್ಮ ಬೀದಿಯ 9 ಮನೆಗಳ ಸರ್ವೆ ಮಾಡಿ ಪತ್ರ ಬರೆದಿದ್ದಾರೆ. ಚಾವಣಿಗೆ ಹೆಂಚು 1, ಆರ್‌ಸಿಸಿ 2, ಶೀಟು 3 ಅಂತ ನಂಬರ್ ಕೊಟ್ಟರೆ ಸರಾಸರಿ 1.8 ಬಂತಂತೆ. ಜಮೀನಿನ ಸರಾಸರಿ 2 ಎಕರೆ 10 ಗುಂಟೆ, ಆದರೆ ಅದಕ್ಕಿಂತ ಹೆಚ್ಚು ಜಮೀನು ಇರುವುದು ಒಂದೇ ಮನೆಗೆ. ಲೆಕ್ಕ ತಪ್ಪಿತಾ, ಆ ಮನೆ ಬಿಟ್ಟುಬಿಡಲಾ ಅಂತ ಕೇಳಿದ್ದಾರೆ.

ನಿಮ್ಮ ಕೂಡೋದು, ಭಾಗಿಸೋದು ಎರಡೂ ಸರಿ ಇದೆ. ಆದರೆ ಚಾವಣಿಯ ನಂಬರ್ ಬರೀ ಗುರುತು. 4 ಹೆಂಚು, 3 ಆರ್‌ಸಿಸಿ, 2 ಶೀಟು ಅಂತ ಬರೆದಿದ್ದೀರಿ. ಈಗ ಶೀಟಿಗೆ 1, ಹೆಂಚಿಗೆ 2, ಆರ್‌ಸಿಸಿಗೆ 3 ಕೊಟ್ಟು ನೋಡಿ, ಸರಾಸರಿ 2.1 ಆಗುತ್ತದೆ. ಒಂದು ಮನೆಯ ಹೆಂಚೂ ಕದಲಿಲ್ಲ, ಸರಾಸರಿ ಮಾತ್ರ ಬದಲಾಯಿತು! ಇಂಥ ಕಡೆ ಯಾವುದು ಜಾಸ್ತಿ ಇದೆ ಅಂತ ಎಣಿಸಿ, ಅಷ್ಟೇ. ಅದೇ ಬಹುಲಕ, ಇಲ್ಲಿ ಹೆಂಚು.

1946ರಲ್ಲಿ ಎಸ್. ಎಸ್. ಸ್ಟೀವನ್ಸ್ ಎಂಬ ಮನಃಶಾಸ್ತ್ರಜ್ಞ ಅಳತೆಗಳನ್ನು ನಾಲ್ಕು ಬಗೆ ಮಾಡಿದರು. ನಿಮ್ಮ ಚಾವಣಿ ನಾಮಿನಲ್, ಅಂದರೆ ಬರೀ ಹೆಸರಿನ ಗುರುತು. ನಾಲೆ ನೀರು ‘ಸಾಲದು, ಪರವಾಗಿಲ್ಲ, ಚೆನ್ನಾಗಿದೆ’ ಅಂತ ಕೇಳಿದ್ದೀರಲ್ಲ, ಅದು ಆರ್ಡಿನಲ್. ಅದರಲ್ಲಿ ಮೇಲೆ ಕೆಳಗೆ ಅನ್ನೋದು ಗೊತ್ತಾಗುತ್ತದೆ, ಎಷ್ಟು ಮೇಲೆ ಅನ್ನೋದು ಗೊತ್ತಾಗಲ್ಲ. ಬಿಸಿಲಿನ ಡಿಗ್ರಿ ಇಂಟರ್ವಲ್: 34 ಡಿಗ್ರಿ ಅಂದರೆ 17ರ ಎರಡು ಪಟ್ಟು ಸೆಕೆ ಅಂತಲ್ಲ, ಯಾಕೆಂದರೆ ಅಲ್ಲಿ ಸೊನ್ನೆ ಅಂದರೆ ‘ಏನೂ ಇಲ್ಲ’ ಅಂತಲ್ಲ. ಜಮೀನು ರೇಷಿಯೋ, ಅಲ್ಲಿ ಸೊನ್ನೆ ಅಂದರೆ ನಿಜಕ್ಕೂ ಏನೂ ಇಲ್ಲ, ಹಾಗಾಗಿ 2 ಎಕರೆ ಖಂಡಿತ 1 ಎಕರೆಯ ಎರಡರಷ್ಟು.

ರೇಷಿಯೋ ಆದರೂ ಏನನ್ನು ಅಳೆದಿದ್ದೀವಿ ಅಂತ ನೋಡಲೇಬೇಕು. ಕೆಆರ್‌ಎಸ್ ತುಂಬಿದರೆ 124.80 ಅಡಿ, 49.45 ಟಿಎಂಸಿ. ಮಟ್ಟ 62.40 ಅಡಿಗೆ ಬಂದರೆ ಅರ್ಧ ನೀರು ಇದೆ ಅಂದುಕೊಳ್ಳಬೇಡಿ, ಅದಕ್ಕಿಂತ ಬಹಳ ಕಮ್ಮಿ ಇರುತ್ತದೆ, ಯಾಕೆಂದರೆ ಜಲಾಶಯ ಮೇಲಕ್ಕೆ ಹೋದಂತೆ ಅಗಲವಾಗುತ್ತದೆ. ಅಡಿ ಹೇಳೋದು ಎತ್ತರ, ನೀರಿನ ಲೆಕ್ಕ ಬೇಕಾದರೆ ಟಿಎಂಸಿ ನೋಡಿ.

ಇನ್ನು ಜಮೀನು. ನೀವು ಕೊಟ್ಟ ಗುಂಟೆ ಲೆಕ್ಕವನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದೆ: 20, 20, 20, 30, 40, 40, 60, 80, 500. ಒಟ್ಟು 810, ಒಂಬತ್ತರಿಂದ ಭಾಗಿಸಿದರೆ 90. ಎಂಟು ಮನೆಯವರು ಇದಕ್ಕಿಂತ ಕೆಳಗಿದ್ದಾರೆ! ಕೊನೆಯ 500 ಗುಂಟೆ ಒಂದೇ ಸರಾಸರಿಯನ್ನು ಮೇಲಕ್ಕೆಳೆದಿದೆ. ನಡುವಿನ ಐದನೇ ಅಂಕಿ ನೋಡಿ, 40, ಅಂದರೆ 1 ಎಕರೆ. ಇದು ಮಧ್ಯಾಂಕ. ಆ 500ರ ಜಾಗದಲ್ಲಿ 1000 ಇದ್ದರೂ ಇದು ಅಲುಗಲ್ಲ. ಬಹುಲಕ 20 ಗುಂಟೆ, ಬರೀ ಅರ್ಧ ಎಕರೆ. ಅರ್ಧ ಎಕರೆಯವರ ಕಷ್ಟವನ್ನು ‘ಸರಾಸರಿ ಎರಡೂಕಾಲು ಎಕರೆ’ ಅನ್ನೋ ಮಾತು ಮುಚ್ಚಿಹಾಕುತ್ತದೆ, ಅದು ನನಗೆ ಸಣ್ಣ ವಿಷಯ ಅನ್ನಿಸಲ್ಲ.

ಹಾಗಂತ ಆ ದೊಡ್ಡ ಮನೆಯನ್ನು ಸುಮ್ನೆ ಬಿಡಬೇಡಿ, ಅದೂ ನಿಮ್ಮ ಬೀದಿಯದ್ದೇ ಅಲ್ವಾ? ಬರೆದುಕೊಳ್ಳುವಾಗ ತಪ್ಪಾಗಿದೆಯಾ ಅಂತ ಒಮ್ಮೆ ಪಹಣಿ ನೋಡಿ ಖಚಿತ ಮಾಡಿಕೊಳ್ಳಿ. ಸರಿ ಇದ್ದರೆ ಒಂಬತ್ತು ಅಂಕಿಯನ್ನೂ ವರದಿಯಲ್ಲಿ ಇಟ್ಟು, ಮಧ್ಯಾಂಕ ಮೊದಲು ಬರೆಯಿರಿ, ಸರಾಸರಿ ಆಮೇಲೆ.