ಏಳೂವರೆ ತಿಂಗಳು ಮಾತ್ರ ಪ್ರಧಾನಿಯಾಗಿದ್ದ ಮೆಂದೆಸ್ ಫ್ರಾನ್ಸ್‌ಗೆ ಯಾಕೆ ಇಷ್ಟು ಹೆಸರು?

ಪಿಯೆರ್ ಮೆಂದೆಸ್ ಫ್ರಾನ್ಸ್ 1954ರ ಜೂನ್‌ನಿಂದ 1955ರ ಫೆಬ್ರವರಿವರೆಗೆ ಮಾತ್ರ ಫ್ರಾನ್ಸ್ ದೇಶದ ಪ್ರಧಾನಿ, ಆದರೂ ಜನ ಇನ್ನೂ ಯಾಕೆ ನೆನೆಯುತ್ತಾರೆ ಅಂತ ಕೇಳಿದ್ದೀರಿ. ಮೊದಲೇ ಹೇಳಿಬಿಡುತ್ತೇನೆ, ಆ ಕಾಲಕ್ಕೆ ಏಳೂವರೆ ತಿಂಗಳು ಅಷ್ಟೇನೂ ಕಡಿಮೆ ಅಲ್ಲ. 1946ರಿಂದ 1958ರವರೆಗಿನ ಹನ್ನೆರಡು ವರ್ಷದಲ್ಲಿ ಫ್ರಾನ್ಸ್ ಇಪ್ಪತ್ತಕ್ಕೂ ಜಾಸ್ತಿ ಸರ್ಕಾರ ಕಂಡಿತ್ತು. ಎರಡು ವಾರ ಬಾಳಿದ್ದೂ ಉಂಟು.

ನನಗೆ ಇವರ ಹೆಸರು ಸಿಕ್ಕಿದ್ದು ಪಾಂಡಿಚೇರಿಯ ಕಥೆ ಓದುವಾಗ. 1954ರ ನವೆಂಬರ್ 1ರಂದು ಪಾಂಡಿಚೇರಿ, ಕಾರೈಕಲ್, ಮಾಹೆ, ಯಾನಂ ಊರುಗಳ ಆಡಳಿತ ಭಾರತಕ್ಕೆ ಬಂತಲ್ಲ, ಆಗ ಪ್ಯಾರಿಸ್‌ನಲ್ಲಿದ್ದದ್ದು ಇವರ ಸರ್ಕಾರ. ಯುದ್ಧವಿಲ್ಲದೆ ಮುಗಿದ ಕೆಲಸ. ವಿಚಿತ್ರ ಅಂದರೆ ಅದೇ ದಿನ, ಆಗ ಫ್ರಾನ್ಸಿನ ಕೈಯಲ್ಲಿದ್ದ ಉತ್ತರ ಆಫ್ರಿಕಾದ ಅಲ್ಜೀರಿಯಾದಲ್ಲಿ ಫ್ರೆಂಚರ ವಿರುದ್ಧ ದಂಗೆ ಎದ್ದಿತು.

ಆದರೆ ಹೆಸರು ತಂದುಕೊಟ್ಟಿದ್ದು ವಿಯೆಟ್ನಾಂ. ಫ್ರೆಂಚರ ಆಳ್ವಿಕೆ ಬೇಡವೆಂದ ಅಲ್ಲಿನ ಹೋರಾಟಗಾರರ ಜೊತೆ ಫ್ರಾನ್ಸ್ ಯುದ್ಧದಲ್ಲಿತ್ತು. ಆ ವರ್ಷದ ಮೇ 7ರಂದು ದಿಯೆನ್ ಬಿಯೆನ್ ಫುನಲ್ಲಿ ಫ್ರೆಂಚ್ ಸೇನೆ ಸೋತು ಶರಣಾಗಿತ್ತು. ಇವರು ಸಂಸತ್ತಿನಲ್ಲಿ ನಿಂತು, ಜುಲೈ 20ರೊಳಗೆ ಯುದ್ಧ ನಿಲ್ಲಿಸದಿದ್ದರೆ ರಾಜೀನಾಮೆ ಕೊಡುತ್ತೇನೆ ಅಂದರು. ತನ್ನ ಕುತ್ತಿಗೆಗೆ ತಾನೇ ಗಡುವು ಕಟ್ಟಿಕೊಳ್ಳುವ ರಾಜಕಾರಣಿಯನ್ನು ನೀವು ಎಷ್ಟು ಕಂಡಿದ್ದೀರಿ? ಜಿನೀವಾದಲ್ಲಿ ಯುದ್ಧ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಬೀಳುವ ಹೊತ್ತಿಗೆ ನಡುರಾತ್ರಿ ದಾಟಿತ್ತು. ಕಾಗದದ ಮೇಲೆ ಮಾತ್ರ 20 ಅಂತಲೇ ಬರೆದರು. ಹತ್ತೇ ದಿನಕ್ಕೆ, ಆಗ ಫ್ರೆಂಚರ ಹಿಡಿತದಲ್ಲಿದ್ದ ಟ್ಯುನೀಸಿಯಾಗೆ ಹೋಗಿ ಅಲ್ಲಿಯವರಿಗೆ ಸ್ವಂತ ಆಡಳಿತ ಕೊಡುವ ಮಾತಾಡಿ ಬಂದರು.

ಇನ್ನೊಂದು ತಮಾಷೆ. ವೈನ್ ನಾಡಿನಲ್ಲಿ ಈ ಮನುಷ್ಯ ಹಾಲು ಕುಡಿಯಿರಿ ಅಂತ ಪ್ರಚಾರ ಮಾಡಿದರು! ಶಾಲೆ ಮಕ್ಕಳಿಗೂ ಹಾಲು ಕೊಡಿಸಿದರು. ಹೆಂಡ ಕಾಯಿಸುವವರ ಸವಲತ್ತಿಗೆ ಕತ್ತರಿ ಹಾಕಹೊರಟು ಅವರ ಸಿಟ್ಟನ್ನೂ ಕಟ್ಟಿಕೊಂಡರು.

ಸುಮ್ನೆ ಹೊಗಳುವುದು ಬೇಡ. ಅಲ್ಜೀರಿಯಾ ವಿಷಯದಲ್ಲಿ ಇವರೂ ಎಡವಿದರು ಅನ್ನುವುದು ನನ್ನ ಅಭಿಪ್ರಾಯ. ಅದು ಫ್ರಾನ್ಸಿನದೇ ಭಾಗ ಅಂತ ಸಂಸತ್ತಿನಲ್ಲಿ ಗಟ್ಟಿಯಾಗಿ ಹೇಳಿ ಸೈನ್ಯ ಕಳಿಸಿದರು. ಅಷ್ಟಾದರೂ ಬಲಪಂಥದವರಿಗೆ ಸಾಲಲಿಲ್ಲ. ಫೆಬ್ರವರಿ 5ರ ಬೆಳಗಿನ ಜಾವ ಉತ್ತರ ಆಫ್ರಿಕಾದ ಚರ್ಚೆಯಲ್ಲೇ ಸರ್ಕಾರ ಬಿತ್ತು, ವಿರುದ್ಧ 319 ಮತ, ಪರ 273. ಸೋತ ಮೇಲೂ ಮಾತಾಡಲು ಎದ್ದರು. ಕೂಗಿ ಕೂರಿಸಿದರು.

ಮುಂದೆ ಪ್ರಧಾನಿ ಪಟ್ಟ ಸಿಗಲೇ ಇಲ್ಲ. 1956ರಲ್ಲಿ, ಆಗ ಪ್ರಧಾನಿಯಾದ ಗೀ ಮೊಲೆ ಅವರ ಸರ್ಕಾರ ಸೇರಿದರು, ಅಲ್ಜೀರಿಯಾ ನೀತಿ ಒಪ್ಪದೆ ಮೇ ತಿಂಗಳಲ್ಲೇ ಹೊರಬಂದರು. ಇದು ಹೊಸದೂ ಅಲ್ಲ, 1945ರಲ್ಲಿ ಯುದ್ಧಕಾಲದ ನಾಯಕ ದ ಗಾಲ್ ಸಂಪುಟದಿಂದಲೂ ಹೀಗೇ ಎದ್ದು ಬಂದಿದ್ದರು. ಆಗ ಜಗಳ ಹಣಕಾಸಿನದ್ದು. 1958ರಲ್ಲಿ ದ ಗಾಲ್ ಅಧಿಕಾರಕ್ಕೆ ಮರಳಿ ಬಂದದ್ದನ್ನು ವಿರೋಧಿಸಿ ಸಂಸತ್ತಿನ ಸೀಟು ಕಳೆದುಕೊಂಡರು. 1967ರಲ್ಲಿ ಗ್ರೆನೋಬ್ಲ್‌ನಿಂದ ಗೆದ್ದರು, ಮರುವರ್ಷವೇ ಸೋತರು.

1981ರಲ್ಲಿ ಮಿತ್ತೆರಾಂ ಅಧ್ಯಕ್ಷರಾದ ದಿನ ಅರಮನೆಯಲ್ಲಿ ಇವರನ್ನು ಅಪ್ಪಿಕೊಂಡರು. ಮುದುಕನ ಕಣ್ಣಲ್ಲಿ ನೀರು. 1954ರ ಸಂಪುಟದಲ್ಲಿ ಇದೇ ಮಿತ್ತೆರಾಂ ಇವರ ಕೈಕೆಳಗೆ ಗೃಹಮಂತ್ರಿಯಾಗಿದ್ದವರು. 1982ರ ಅಕ್ಟೋಬರ್ 18ರಂದು ಮೆಂದೆಸ್ ಫ್ರಾನ್ಸ್ ತೀರಿಕೊಂಡರು.